ಕೆಲಸಗಾರನ ಚೀಲದಲ್ಲಿ ಏನಿದೆ?

ನಮ್ಮ ಕರಾವಳಿಯಲ್ಲಿ ಮನೆ ಕಟ್ಟಿಸುವ ಹೊಣೆ ಬಹಳಷ್ಟು ಸಲ ಹೆಂಗಸರ ತಲೆಗೇ ಬೀಳುತ್ತದೆ. ಯಜಮಾನರು ದಮ್ಮಾಮಿನಲ್ಲೋ ದುಬೈಯಲ್ಲೋ ದುಡಿದು ಹಣ ಕಳಿಸುತ್ತಾರೆ. ಇಲ್ಲಿ ಮೇಸ್ತ್ರಿಯನ್ನು ಗೊತ್ತುಮಾಡುವುದು, ಬಡಗಿಯ ಜೊತೆ ದರ ಮಾತಾಡುವುದು, ವೈರಿಂಗ್‌ನವನು ಬರೆದುಕೊಟ್ಟ ಚೀಟಿ ಹಿಡಿದು ಅಂಗಡಿಗೆ ಹೋಗುವುದು ಎಲ್ಲವೂ ಮನೆಯಾಕೆಯ ಪಾಲು. ಸಿಮೆಂಟಿಗೆ ಮರಳು ಎಷ್ಟು ಬೆರೆಸಬೇಕೆಂದಾಗಲಿ, ಬಾಗಿಲಿನ ದಾರಂದವನ್ನು ಹೇಗೆ ಜೋಡಿಸುತ್ತಾರೆಂದಾಗಲಿ ಆಕೆಗೆ ಯಾರೂ ಕಲಿಸಿರುವುದಿಲ್ಲ. ಆದರೆ ಹತ್ತು ಹದಿನೈದು ವರ್ಷಗಳ ಬೆವರು ಆ ಗೋಡೆಗಳೊಳಗೆ ಸೇರುತ್ತಿರುತ್ತದೆ. ಎದುರಿಗೆ ನಿಂತಿರುವ ಮನುಷ್ಯನಿಗೆ ಕೆಲಸ ಬರುತ್ತದೆಯೋ ಇಲ್ಲವೋ ಎಂದು ಆಕೆ ತಿಳಿಯುವುದಾದರೂ ಹೇಗೆ?

ಕೆಲವರು ಅವನ ಮಾತು ನೋಡುತ್ತಾರೆ. ಕೆಲವರು ದರ ನೋಡುತ್ತಾರೆ. ಇತ್ತೀಚೆಗೆ ಇನ್ನೊಂದು ರೂಢಿ ಬಂದಿದೆ. ಅವನು ತರುವ ಸಲಕರಣೆಗಳನ್ನು ನೋಡುವುದು. ಬ್ಯಾಟರಿಯ ಡ್ರಿಲ್ಲು, ಗೋಡೆಯ ಮೇಲೆ ಗೆರೆ ಮೂಡಿಸುವ ಲೇಸರ್ ಮಟ್ಟ, ಹೊಳೆಯುವ ಪೆಟ್ಟಿಗೆ ಎಲ್ಲವನ್ನೂ ಇಟ್ಟುಕೊಂಡು ಬೈಕಿನಲ್ಲಿ ಬಂದವನನ್ನು ಕಂಡರೆ ನಮಗೆ ಅರ್ಧ ನಂಬಿಕೆ ಬಂದುಬಿಡುತ್ತದೆ. ಹಳೆಯ ಸಿಮೆಂಟ್ ಚೀಲವನ್ನು ಹೆಗಲಿಗೇರಿಸಿಕೊಂಡು ಬಸ್ಸಿಳಿದು ಬಂದವನನ್ನು ಮಾತ್ರ ಗೇಟಿನ ಹೊರಗೇ ನಿಲ್ಲಿಸಿ, "ಬೇರೆಯವರಿಗೆ ಹೇಳಿದ್ದೇವೆ" ಎಂದು ಕಳಿಸುತ್ತೇವೆ. ಈ ಅಳತೆ ಸರಿಯೇ?

ನನಗೆ ತಿಳಿದ ಮಟ್ಟಿಗೆ ಇದು ಅರ್ಧ ಸರಿ. ಸಲಕರಣೆಗಳು ಅವುಗಳ ಒಡೆಯನ ಬಗ್ಗೆ ಖಂಡಿತ ಸಾಕ್ಷಿ ಹೇಳುತ್ತವೆ. ಆದರೆ ನಾವು ಅವುಗಳ ಬೆಲೆಯನ್ನು ನೋಡುತ್ತೇವೆ. ನೋಡಬೇಕಾದದ್ದು ಅವುಗಳ ಸ್ಥಿತಿಯನ್ನು.

ಬಡಗಿಯ ಉಳಿಯನ್ನೇ ತೆಗೆದುಕೊಳ್ಳಿ. ಹೊಸ ಉಳಿ ಎಲ್ಲರ ಬಳಿಯೂ ಒಂದೇ ತರಹ ಇರುತ್ತದೆ, ಅಂಗಡಿಯವನ ಬಳಿ ಇದ್ದ ಹಾಗೆಯೇ. ಅದು ಏನೂ ಹೇಳುವುದಿಲ್ಲ. ಆದರೆ ಹತ್ತು ವರ್ಷ ಸಾಣೆಕಲ್ಲಿನ ಮೇಲೆ ಉಜ್ಜಿಸಿಕೊಂಡ ಉಳಿಯ ಉದ್ದ ಕಡಿಮೆಯಾಗಿರುತ್ತದೆ. ಹಿಡಿಯ ಮರ ಅಂಗೈಯ ಎಣ್ಣೆ ಕುಡಿದು ಕಪ್ಪಾಗಿರುತ್ತದೆ. ಅಂಚು ಮಾತ್ರ ನೇರವಾಗಿ, ಬೆಳಕಿಗೆ ಹಿಡಿದರೆ ಒಂದು ಮುಕ್ಕೂ ಕಾಣದಂತೆ ಇರುತ್ತದೆ. ಇಷ್ಟನ್ನು ಕಂಡರೆ ನೀವು ಬೇರೆ ಪರಿಚಯ ಪತ್ರ ಕೇಳಬೇಕಾಗಿಲ್ಲ. ಇದಕ್ಕೆ ವಿರುದ್ಧವಾಗಿ, ಅಂಚಿನಲ್ಲಿ ಹಲ್ಲು ಬಿದ್ದಿರುವ ಉಳಿಯಿಂದ ಸ್ಕ್ರೂ ತಿರುಗಿಸುತ್ತಾ, ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸುತ್ತಾ ಇರುವವನ ಬಳಿ ಐವತ್ತು ಸಾವಿರದ ಯಂತ್ರವಿದ್ದರೂ ಸ್ವಲ್ಪ ಯೋಚಿಸಿ. ಮೊಂಡು ಉಳಿ ಮರವನ್ನು ಕತ್ತರಿಸುವುದಿಲ್ಲ, ಸಿಬಿರೆಬ್ಬಿಸಿ ಹರಿಯುತ್ತದೆ. ಅದಕ್ಕೆ ಹೆಚ್ಚು ಬಲ ಹಾಕಬೇಕು, ಬಲ ಹೆಚ್ಚಾದಾಗ ಜಾರುತ್ತದೆ. ಕೈಗೆ ಗಾಯವಾಗುವುದು ಹರಿತವಾದ ಉಳಿಯಿಂದ ಎಂದು ನಾವು ಭಾವಿಸುತ್ತೇವೆ. ಅನುಭವಿ ಬಡಗಿಯನ್ನು ಕೇಳಿ ನೋಡಿ, ಮೊಂಡು ಉಳಿಯೇ ಹೆಚ್ಚು ಅಪಾಯ ಎನ್ನುತ್ತಾನೆ.

ಪ್ರಾಣಿಯನ್ನು ಕೊಯ್ಯುವವನು ಮೊದಲು ಚೂರಿಯನ್ನು ಹರಿತ ಮಾಡಿಕೊಳ್ಳಬೇಕು, ಪ್ರಾಣಿಗೆ ನೋವು ಹೆಚ್ಚಿಸಬಾರದು ಎಂದು ಪ್ರವಾದಿಯವರು(ಸ) ತಾಕೀತು ಮಾಡಿದ್ದು ನಮಗೆಲ್ಲ ಗೊತ್ತು. ಬಕ್ರೀದ್‌ನ ದಿನ ಇದು ನೆನಪಾಗುತ್ತದೆ, ಆಮೇಲೆ ಮರೆತುಹೋಗುತ್ತದೆ. ಸಲಕರಣೆಯನ್ನು ಸರಿಯಾದ ಸ್ಥಿತಿಯಲ್ಲಿಡುವುದು ಅದರ ಒಡೆಯನ ಖಾಸಗಿ ವಿಷಯವಲ್ಲ, ಅದರ ಕೆಳಗೆ ಬರುವವರ ಹಕ್ಕು ಎಂಬ ಅರ್ಥ ಅದರಲ್ಲಿದೆ.

ಗಾರೆ ಕೆಲಸದಲ್ಲಿ ನೋಡಬೇಕಾದದ್ದು ಬೇರೆ. ಅಲ್ಲಿ ಪ್ರಾಣ ಇರುವುದು ಅಳತೆಯ ಸಾಮಾನುಗಳಲ್ಲಿ. ದಾರಕ್ಕೆ ಕಟ್ಟಿದ ತೂಗುಗುಂಡು ಅತ್ಯಂತ ಅಗ್ಗದ ಸಲಕರಣೆ. ಗಾಳಿಗೆ ಅಲುಗಾಡದಂತೆ ನಿಂತರೆ ಅದು ಸುಳ್ಳು ಹೇಳುವುದೇ ಇಲ್ಲ. ರಸಮಟ್ಟ ಸುಳ್ಳು ಹೇಳಬಲ್ಲದು, ಎತ್ತರದಿಂದ ಒಂದು ಸಲ ಬಿದ್ದರೆ ಸಾಕು. ಅದನ್ನು ಪರೀಕ್ಷಿಸುವುದು ಬಹಳ ಸುಲಭ, ನೀವೂ ಮಾಡಬಹುದು. ಮೇಜಿನ ಮೇಲೆ ಇಟ್ಟು ಗುಳ್ಳೆ ಎಲ್ಲಿ ನಿಂತಿದೆ ಎಂದು ನೋಡಿ. ಅದೇ ಜಾಗದಲ್ಲಿ ಈ ತುದಿ ಆ ಕಡೆಗೆ, ಆ ತುದಿ ಈ ಕಡೆಗೆ ಬರುವಂತೆ ತಿರುಗಿಸಿ ಇಡಿ. ಗುಳ್ಳೆ ಮೊದಲಿನ ಕಡೆಗೇ ನಿಂತರೆ ರಸಮಟ್ಟ ಸರಿಯಿದೆ. ಜಾಗ ಬದಲಿಸಿದರೆ ರಸಮಟ್ಟವೇ ಕೆಟ್ಟಿದೆ. ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ಎರಡು ಗೋಡೆಗಳ ಮಟ್ಟ ನೋಡುತ್ತಾರಲ್ಲ, ಅದರೊಳಗೆ ಗಾಳಿಯ ಗುಳ್ಳೆ ಸೇರಿಕೊಂಡಿದ್ದರೆ ಮಟ್ಟ ತಪ್ಪುತ್ತದೆ. ಬಲ್ಲ ಮೇಸ್ತ್ರಿ ಮೊದಲು ಪೈಪನ್ನು ಕಣ್ಣಿನ ಹತ್ತಿರ ಹಿಡಿದು ತುದಿಯಿಂದ ತುದಿಯವರೆಗೆ ನೋಡುತ್ತಾನೆ. ಮೂಲೆ ಸರಿಯಾಗಿದೆಯೇ ಎಂದು ತಿಳಿಯಬೇಕೇ? ಒಂದು ಗೋಡೆಯಲ್ಲಿ ಮೂಲೆಯಿಂದ 3 ಅಡಿಗೆ, ಇನ್ನೊಂದರಲ್ಲಿ 4 ಅಡಿಗೆ ಗುರುತು ಹಾಕಿ. ಎರಡು ಗುರುತುಗಳ ನಡುವೆ ಓರೆಯಾಗಿ ಟೇಪು ಹಿಡಿದಾಗ ಸರಿಯಾಗಿ 5 ಅಡಿ ಬಂದರೆ ಮೂಲೆ ನೇರವಿದೆ. ಏಳನೇ ತರಗತಿ ಓದುವ ನಿಮ್ಮ ಮಗಳಿಗೆ ಈ ಕೆಲಸ ಕೊಡಿ, ಸಂತೋಷದಿಂದ ಮಾಡುತ್ತಾಳೆ. ಶಾಲೆಯಲ್ಲಿ ನಾವು ಬೋರ್ಡಿನ ಮೇಲೆ ಬಿಡಿಸುವ ತ್ರಿಕೋನಕ್ಕಿಂತ ಇದು ಚೆನ್ನಾಗಿ ತಲೆಗೆ ಹತ್ತುತ್ತದೆ.

ಲೇಸರ್ ಮಟ್ಟಕ್ಕೂ ಇದೇ ಮಾತು. ಬಿದ್ದರೆ ಅದೂ ಕೆಡುತ್ತದೆ. ಆದರೆ ಅದರ ಕೆಂಪು ಗೆರೆ ಎಷ್ಟು ಚೆಂದವಾಗಿ ಕಾಣುತ್ತದೆಂದರೆ ಅದನ್ನು ಸಂಶಯಿಸಲು ಯಾರಿಗೂ ಮನಸ್ಸು ಬರುವುದಿಲ್ಲ.

ಇನ್ನು ವಿದ್ಯುತ್ ಕೆಲಸ. ಇಲ್ಲಿ ನಾನು ಹೇಳುವುದು ಇರುವ ಸಲಕರಣೆಯ ಬಗ್ಗೆ ಅಲ್ಲ, ಇಲ್ಲದಿರುವುದರ ಬಗ್ಗೆ. ಒಂದು ಟೆಸ್ಟರ್, ಒಂದು ಇಕ್ಕಳ, ಒಂದು ಸುರುಳಿ ಟೇಪು. ಇಷ್ಟೇ ಹಿಡಿದುಕೊಂಡು ಬಂದು, "ಅರ್ಥಿಂಗ್ ಎಲ್ಲ ಸರಿಯಿದೆ ಅಕ್ಕಾ" ಎಂದು ಹೇಳಿಹೋಗುವವರಿದ್ದಾರೆ. ಟೆಸ್ಟರಿನ ದೀಪ ಉರಿಯುವುದು ಅಲ್ಲಿ ಕರೆಂಟಿದೆ ಎಂಬುದಕ್ಕೆ ಸೂಚನೆ ಮಾತ್ರ. ಸಣ್ಣ ಸೋರಿಕೆಗೂ ಅದು ಉರಿಯುತ್ತದೆ, ಒಣ ಹಲಗೆಯ ಮೇಲೆ ನಿಂತವನ ಕೈಯಲ್ಲಿ ಮಂಕಾಗಿಯೂ ಬಿಡುತ್ತದೆ. ಭೂಮಿಗೆ ಹೋಗುವ ತಂತಿ ತನ್ನ ಕೆಲಸ ಮಾಡುತ್ತಿದೆಯೇ ಎಂದು ಅದು ಹೇಳಲಾರದು. ಅದಕ್ಕೆ ಅಳೆಯುವ ಉಪಕರಣ ಬೇರೆಯೇ ಇದೆ. ತಂತಿಯ ಹೊದಿಕೆ ಗಟ್ಟಿಯಿದೆಯೇ ಎಂದು ನೋಡುವ ಮೆಗ್ಗರ್ ಬೇರೆ. ಸೋರಿಕೆಯಾದಾಗ ತಾನಾಗಿ ಬೀಳುವ ಸ್ವಿಚ್ಚನ್ನು ಈಗ ಅನೇಕ ಮನೆಗಳಲ್ಲಿ ಹಾಕಿಸುತ್ತಾರೆ, ಸಾಮಾನ್ಯವಾಗಿ 30 ಮಿಲಿ ಆಂಪಿಯರಿನದು. ತುಂಬ ಒಳ್ಳೆಯದು, ಇಲ್ಲದಿದ್ದರೆ ಹಾಕಿಸಿಕೊಳ್ಳಿ. ಆದರೆ ಅದರ ಟೆಸ್ಟ್ ಬಟನ್ ಒತ್ತಿದಾಗ ಬೀಳುವುದು ಆ ಸ್ವಿಚ್ಚು ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿಯೇ ಹೊರತು ಅರ್ಥಿಂಗ್ ಸರಿಯಿದೆ ಎಂಬುದಕ್ಕಲ್ಲ. ಸ್ನಾನದ ಮನೆಯಲ್ಲಿ ಗೀಝರ್ ಕೆಳಗೆ ಒದ್ದೆ ಕಾಲಿನಲ್ಲಿ ನಿಲ್ಲುವವರು ನಿಮ್ಮ ಮಕ್ಕಳು. ಆದ್ದರಿಂದ ಇಲ್ಲಿ ಸಂಕೋಚ ಬೇಡ. "ಅಳೆದು ತೋರಿಸಿ" ಎಂದು ಕೇಳಿ. ಉಪಕರಣವಿದ್ದವನು ಖುಷಿಯಿಂದ ತೋರಿಸುತ್ತಾನೆ. ಇಲ್ಲದವನು ಸಿಟ್ಟು ಮಾಡಿಕೊಳ್ಳುತ್ತಾನೆ, ಅದೂ ಒಂದು ಉತ್ತರವೇ.

ಸುರಕ್ಷತೆಯ ವಿಷಯದಲ್ಲೂ ಹೀಗೆಯೇ. ಚಕ್ರದ ಮೇಲಿನ ಗಾರ್ಡನ್ನು ಕಿತ್ತುಹಾಕಿದ ಗ್ರೈಂಡರಿನಿಂದ ಟೈಲ್ಸ್ ಕತ್ತರಿಸುವವನು ಎಷ್ಟೇ ವೇಗದವನಾಗಿರಲಿ, ನಿಮ್ಮ ಅಂಗಳದಲ್ಲಿ ಅದನ್ನು ಬಿಡಬೇಡಿ. ಚಕ್ರ ಒಡೆದರೆ ಚೂರು ಯಾರ ಕಣ್ಣಿಗೆ ಬೀಳುತ್ತದೆಂದು ಹೇಳಲಾಗದು.

ಇಷ್ಟು ಓದಿದ ಮೇಲೆ, ಸಲಕರಣೆ ಸರಿಯಿಲ್ಲದವರನ್ನೆಲ್ಲ ವಾಪಸು ಕಳಿಸಬೇಕೆಂದು ನಾನು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಇನ್ನೊಂದು ಮಗ್ಗುಲೂ ಇದೆ, ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಅದೇ.

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ನಾವು ಬಹಳ ಸುಲಭವಾಗಿ ಬಳಸುತ್ತೇವೆ. ಆದರೆ ಕೆಲವರ ಪಾಲಿಗೆ ನೆಲ ನಿಜವಾಗಿಯೂ ಡೊಂಕಾಗಿಯೇ ಇರುತ್ತದೆ. ದಿನಗೂಲಿಯಲ್ಲಿ ಐದು ಜನರ ಹೊಟ್ಟೆ ಹೊರೆಯುವವನು ಹೊಸ ಗರಗಸ ಕೊಳ್ಳುವುದನ್ನು ಮುಂದಿನ ತಿಂಗಳಿಗೆ ಮುಂದೂಡುತ್ತಾನೆ. ಮುಂದಿನ ತಿಂಗಳು ಮಗುವಿಗೆ ಜ್ವರ. ಅದರ ಮುಂದಿನ ತಿಂಗಳು ಮಳೆ, ಕೆಲಸವಿಲ್ಲ. ಕೈಯಲ್ಲಿ ಕಲೆಯಿದೆ, ಚೀಲದಲ್ಲಿ ಸಾಮಾನಿಲ್ಲ. ಸಾಮಾನಿಲ್ಲವೆಂದು ಒಳ್ಳೆಯ ಕೆಲಸ ಸಿಗುವುದಿಲ್ಲ, ಒಳ್ಳೆಯ ಕೆಲಸ ಸಿಗಲಿಲ್ಲವೆಂದು ಸಾಮಾನು ಬರುವುದಿಲ್ಲ. ಅವನನ್ನು ಗೇಟಿನಲ್ಲೇ ಅಳೆದು ಕಳಿಸುವಾಗ ನಾವು ಅವನ ಬಡತನಕ್ಕೆ ಕಡಿಮೆ ಅಂಕ ಕೊಡುತ್ತಿರುತ್ತೇವೆ.

ಅಬೂದಾವೂದ್‌ನಲ್ಲಿ ಬರುವ ಒಂದು ಪ್ರಸಂಗವನ್ನು ನಮ್ಮ ಪ್ರವಚನಗಳಲ್ಲಿ ಭಿಕ್ಷಾಟನೆಯ ವಿರುದ್ಧ ಹೇಳಲು ಬಳಸುತ್ತಾರೆ. ಅದರ ವರದಿ ಪರಂಪರೆಯ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ, ಅದನ್ನೂ ಹೇಳಿಬಿಡುತ್ತೇನೆ. ಸಹಾಯ ಬೇಡಿ ಬಂದ ಅನ್ಸಾರಿಯೊಬ್ಬರ ಮನೆಯಲ್ಲಿ ಇದ್ದದ್ದು ಹೊದೆಯುವ ಒಂದು ಬಟ್ಟೆ, ನೀರು ಕುಡಿಯುವ ಒಂದು ಬಟ್ಟಲು. ಪ್ರವಾದಿಯವರು(ಸ) ಅವೆರಡನ್ನೂ ತರಿಸಿ ತಾವೇ ಹರಾಜು ಹಾಕಿದರು. ಎರಡು ದಿರ್ಹಮ್ ಬಂತು. ಒಂದರಿಂದ ಮನೆಯವರಿಗೆ ಆಹಾರ, ಇನ್ನೊಂದರಿಂದ ಕೊಡಲಿ ಕೊಳ್ಳಲು ಹೇಳಿದರು. ಕೊಡಲಿ ಬಂದಾಗ ಅದಕ್ಕೆ ತಮ್ಮ ಕೈಯಿಂದಲೇ ಕಾವು ಹಾಕಿಕೊಟ್ಟರು. ಸೌದೆ ಕಡಿದು ಮಾರಲು ಹೇಳಿ ಹದಿನೈದು ದಿನಗಳ ಅವಧಿ ಕೊಟ್ಟರು. ಆತ ಮರಳಿ ಬಂದಾಗ ಹತ್ತು ದಿರ್ಹಮ್ ಸಂಪಾದಿಸಿದ್ದರು. "ದುಡಿಯಿರಿ" ಎಂಬ ಉಪದೇಶವಷ್ಟೇ ಇಲ್ಲಿದೆ ಎಂದುಕೊಳ್ಳುವವರು ಕೊಡಲಿಯ ಕಾವನ್ನು ಮರೆಯುತ್ತಾರೆ. ಉಪದೇಶಕ್ಕೆ ಮೊದಲು ಸಲಕರಣೆ ಬಂದಿತ್ತು, ಅದೂ ಬಳಸಲು ಸಿದ್ಧವಾದ ಸ್ಥಿತಿಯಲ್ಲಿ.

ನಮ್ಮ ಫಿಕ್ಹ್ ಗ್ರಂಥಗಳು ಈ ವಿಷಯದಲ್ಲಿ ಆಶ್ಚರ್ಯವಾಗುವಷ್ಟು ವಿವರವಾಗಿವೆ. ಕಸುಬುದಾರನ ಸಲಕರಣೆಗಳ ಮೇಲೆ ಝಕಾತ್ ಇಲ್ಲ, ಅವು ಅವನ ಮೂಲಭೂತ ಅಗತ್ಯಗಳಲ್ಲಿ ಸೇರುತ್ತವೆ. ಅಷ್ಟೇ ಅಲ್ಲ. ಕಸುಬು ಗೊತ್ತಿದ್ದು ಸಲಕರಣೆ ಇಲ್ಲದ ಬಡವನಿಗೆ ಝಕಾತಿನಿಂದ ಅವನ್ನು ಕೊಳ್ಳುವಷ್ಟು ಕೊಡಬೇಕು, ಅವುಗಳ ಬೆಲೆ ಕಡಿಮೆಯಾಗಿರಲಿ ಹೆಚ್ಚಾಗಿರಲಿ ಎಂದು ಕ್ರಿ.ಶ. 1277ರಲ್ಲಿ ನಿಧನರಾದ ಇಮಾಮ್ ನವವಿ(ರ) ತಮ್ಮ 'ಅಲ್ ಮಜ್ಮೂಅ್'ನಲ್ಲಿ ವಿವರಿಸಿದ್ದಾರೆ. ಸೊಪ್ಪು ಮಾರುವವನಿಗೆ ಐದೋ ಹತ್ತೋ ದಿರ್ಹಮ್ ಸಾಕಾದೀತು, ರತ್ನದ ವ್ಯಾಪಾರ ಬಲ್ಲವನಿಗೆ ಹತ್ತು ಸಾವಿರವೂ ಬೇಕಾದೀತು ಎಂಬ ಲೆಕ್ಕವೂ ಅಲ್ಲಿದೆ. ಕಸುಬು ನೋಡಿ, ಊರು ನೋಡಿ ಕೊಡುವ ಕ್ರಮವಿದು. ರಮಝಾನಿನಲ್ಲಿ ಇನ್ನೂರು ಮುನ್ನೂರು ರೂಪಾಯಿಯ ನೋಟುಗಳನ್ನು ಸಾಲಾಗಿ ಹಂಚುವ ನಮ್ಮ ಪದ್ಧತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಆದರೆ ಸಲಕರಣೆ ಕೊಟ್ಟುಬಿಟ್ಟರೆ ಕಸುಬು ಬಂತೆಂದು ತಿಳಿಯುವುದು ಇನ್ನೊಂದು ಅತಿರೇಕ. ಹೊಲಿಗೆ ಯಂತ್ರ ವಿತರಣೆಯ ಸಮಾರಂಭಗಳನ್ನು ನೀವೂ ನೋಡಿದ್ದೀರಿ. ಶಾಮಿಯಾನ, ಭಾಷಣ, ಫೋಟೋ. ಆರು ತಿಂಗಳ ನಂತರ ಆ ಮನೆಗಳಿಗೆ ಹೋಗಿ. ಕೆಲವೆಡೆ ಯಂತ್ರ ಓಡುತ್ತಿದೆ, ಆ ತಾಯಿಯ ಮುಖದಲ್ಲಿ ಬೇರೆಯೇ ಕಳೆ ಇದೆ. ಇನ್ನು ಕೆಲವೆಡೆ ಅದು ಮಡಚಿದ ಬಟ್ಟೆ ಇಡುವ ಮೇಜಾಗಿದೆ. ಕಾರಣ ಕೇಳಿದರೆ, "ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ, ಮೆಷಿನ್ ಸರಿಯಿಲ್ಲ" ಎಂಬ ಉತ್ತರ ಬರುತ್ತದೆ. ಎಷ್ಟೋ ಸಲ ಕೆಟ್ಟಿರುವುದು ಕೆಲವೇ ರೂಪಾಯಿಯ ಸೂಜಿ. ತೆಳು ಬಟ್ಟೆಗೆ 11ನೇ ನಂಬರ್, ಸಾಧಾರಣ ಬಟ್ಟೆಗೆ 14, ದಪ್ಪ ಬಟ್ಟೆಗೆ 16 ಎಂದು ಸೂಜಿ ಬದಲಿಸಬೇಕು, ತುದಿ ಮೊಂಡಾದರೆ ಎಸೆಯಬೇಕು, ಬಟ್ಟೆಯ ಕತ್ತರಿಯಿಂದ ಕಾಗದ ಕತ್ತರಿಸಬಾರದು ಎಂದು ಆಕೆಗೆ ಯಾರೂ ಹೇಳಿಕೊಟ್ಟಿಲ್ಲ. ಯಂತ್ರದ ಜೊತೆಗೆ ಆರು ತಿಂಗಳು ಒಬ್ಬ ಒಳ್ಳೆಯ ದರ್ಜಿಯ ಬಳಿ ಕೂರಿಸುವ ವ್ಯವಸ್ಥೆ ಮಾಡಿದ್ದರೆ! ಅದಕ್ಕೆ ಶಾಮಿಯಾನ ಬೇಕಾಗುವುದಿಲ್ಲ, ಫೋಟೋ ಕೂಡ ಚೆನ್ನಾಗಿ ಬರುವುದಿಲ್ಲ.

ಕೇಂದ್ರ ಸರಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಈ ಎರಡನ್ನೂ ಜೋಡಿಸುವ ಪ್ರಯತ್ನವಿದೆ. ಬಡಗಿ, ಕಮ್ಮಾರ, ಗಾರೆ ಕೆಲಸದವರು, ದರ್ಜಿ, ಕ್ಷೌರಿಕ, ಮೀನಿನ ಬಲೆ ಹೆಣೆಯುವವರು ಸೇರಿ 18 ಕಸುಬುಗಳಿಗೆ ತರಬೇತಿ, ಜೊತೆಗೆ ಸಲಕರಣೆಗೆಂದು 15,000 ರೂಪಾಯಿಯವರೆಗಿನ ವೋಚರ್. ಅದರಲ್ಲಿ ಸಾಲದ ಭಾಗವೂ ಇದೆ, ಶೇ. 5ರ ಬಡ್ಡಿಯದು. ಬಡ್ಡಿ ಎಂದ ಕೂಡಲೇ ನಮ್ಮ ಎಷ್ಟೋ ಜನ ಇಡೀ ಯೋಜನೆಯಿಂದಲೇ ದೂರ ಸರಿಯುತ್ತಾರೆ. ಸಲಕರಣೆಯ ನೆರವು ಬೇರೆ, ಸಾಲ ಬೇರೆ. ಸಾಲ ತೆಗೆದುಕೊಳ್ಳಲೇಬೇಕೆಂಬ ಕಡ್ಡಾಯವಿಲ್ಲ. ನಿಮ್ಮ ಮೊಹಲ್ಲಾದ ಕಸುಬುದಾರರಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕು.

ಸಲಕರಣೆಗೂ ವಿದ್ಯೆಗೂ ಇರುವ ಸಂಬಂಧವನ್ನು ಯೋಚಿಸುವಾಗ ನನಗೆ ಕೊರ್ಡೋವಾದ ಅಬುಲ್ ಕಾಸಿಮ್ ಅಝ್ಝಹ್ರಾವಿ ನೆನಪಾಗುತ್ತಾರೆ. ಸುಮಾರು 1013ರಲ್ಲಿ ತೀರಿಕೊಂಡ ಈ ವೈದ್ಯರ 'ಅತ್ತಸ್ರೀಫ್' ಎಂಬ ಮೂವತ್ತು ಭಾಗಗಳ ಗ್ರಂಥದ ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು. ಅದರಲ್ಲಿ ಸುಮಾರು 200 ಶಸ್ತ್ರಗಳ ಚಿತ್ರಗಳಿವೆ. ಶಸ್ತ್ರದ ರೂಪ, ತುದಿ, ಬಳಕೆ ಎಲ್ಲವನ್ನೂ ಇಷ್ಟು ಕಾಳಜಿಯಿಂದ ಬರೆದ ಮನುಷ್ಯ ಸಲಕರಣೆಯನ್ನು ಹಗುರವಾಗಿ ಕಂಡವರಲ್ಲ. ಆದರೆ ಆ ಭಾಗದ ಆರಂಭದಲ್ಲೇ ಅವರು ಒಂದು ಘಟನೆ ಹೇಳುತ್ತಾರೆ. ಒಬ್ಬ ಅರೆಬೆಂದ ವೈದ್ಯ ಒಬ್ಬ ಹೆಂಗಸಿನ ಕುತ್ತಿಗೆಯ ಗಂಟನ್ನು ಕೊಯ್ಯಲು ಹೋಗಿ ರಕ್ತನಾಳಗಳನ್ನೇ ಕತ್ತರಿಸಿದ, ಆಕೆ ಅವನ ಕಣ್ಣೆದುರೇ ರಕ್ತ ಹರಿದು ಸತ್ತಳು. ದೇಹದ ರಚನೆ ತಿಳಿಯದವನು ಶಸ್ತ್ರ ಮುಟ್ಟಬಾರದೆಂದು ಹೇಳಿದ ನಂತರವೇ ಅವರು ಶಸ್ತ್ರಗಳ ಚಿತ್ರ ಬಿಡಿಸುತ್ತಾರೆ.

ಇನ್ನು, ಸರಳ ಸಲಕರಣೆಯಿಂದ ಕೈ ಎಷ್ಟು ದೂರ ಹೋಗಬಲ್ಲದು ಎಂದು ನೋಡಬೇಕಾದರೆ ನಮ್ಮ ರಾಜ್ಯದ ಬೀದರಿಗೇ ಹೋಗಬೇಕು. ಬಿದ್ರಿ ಕೆಲಸದವರ ಮುಂದೆ ಇರುವುದು ಸಣ್ಣ ಸಣ್ಣ ಉಳಿಗಳು, ಸುತ್ತಿಗೆ, ಅರ, ಮೇಣ ಮತ್ತು ರಾಳದಿಂದ ಪಾತ್ರೆಯನ್ನು ಹಿಡಿದಿಡಲು ಒಂದು ಕಲ್ಲು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಗೆ ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಆಗ ಗೀಚಿದ ಗೆರೆ ಬೆಳ್ಳಗೆ ಕಾಣುತ್ತದೆ. ಆ ಗೆರೆಯ ಮೇಲೆ ಉಳಿ ಓಡಿಸಿ ತೋಡು ಮಾಡಿ, ತೋಡಿನೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಉಜ್ಜಿದಾಗ ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ಈ ಕಲೆಗಾಗಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆ ಸಣ್ಣ ಉಳಿಗಳನ್ನು ನಮ್ಮ ಗೇಟಿನಲ್ಲಿ ಯಾರಾದರೂ ಬಿಚ್ಚಿ ತೋರಿಸಿದ್ದರೆ ನಾವೇನೆನ್ನುತ್ತಿದ್ದೆವೋ!

ಹೊರದೇಶಕ್ಕೆ ಹೋಗುವ ನಮ್ಮ ಹುಡುಗರಿಗೂ ಒಂದು ಮಾತು. ವೆಲ್ಡಿಂಗ್ ಕೆಲಸಕ್ಕೆ ಕಂಪೆನಿಯೇ ಯಂತ್ರ ಕೊಡುತ್ತದೆ, ನಿಮ್ಮ ಪೆಟ್ಟಿಗೆಯನ್ನು ಅಲ್ಲಿ ಯಾರೂ ನೋಡುವುದಿಲ್ಲ. ಟ್ರೇಡ್ ಟೆಸ್ಟಿನಲ್ಲಿ ಪೈಪನ್ನು ಓರೆಯಾಗಿ ಬಿಗಿದು ಸುತ್ತಲೂ ಬೆಸೆಯಲು ಹೇಳುತ್ತಾರೆ. ಆಮೇಲೆ ಆ ಬೆಸುಗೆಯನ್ನು ಕತ್ತರಿಸಿ ಬಗ್ಗಿಸಿಯೋ ಎಕ್ಸ್‌ರೇ ತೆಗೆದೋ ಒಳಗೆ ನೋಡುತ್ತಾರೆ. ಊರಿನಲ್ಲಿ ತಾಯಿಯ ಬಳೆ ಅಡವಿಟ್ಟು ದುಬಾರಿ ಯಂತ್ರ ಕೊಳ್ಳುವ ಬದಲು, ಆ ಹಣದ ಕಾಲುಭಾಗವನ್ನು ಕಬ್ಬಿಣದ ತುಂಡುಗಳ ಮೇಲೆ ಅಭ್ಯಾಸ ಮಾಡಲು ಖರ್ಚು ಮಾಡಿದವನೇ ಈ ಪರೀಕ್ಷೆಯಲ್ಲಿ ನಿಲ್ಲುತ್ತಾನೆ.

ಕೊನೆಗೆ ಮನೆಯವರಿಗೆ ಸಂಬಂಧಿಸಿದ ಒಂದು ಸಣ್ಣ ವಿಷಯ. ಕೆಲಸ ಎರಡು ಮೂರು ದಿನದ್ದಾದರೆ ಬಡಗಿ ಸಂಜೆ ತನ್ನ ಚೀಲವನ್ನು ನಿಮ್ಮ ಜಗಲಿಯಲ್ಲಿಯೇ ಬಿಟ್ಟು ಹೋಗುತ್ತಾನೆ. ಅದು ನಿಮ್ಮ ಬಳಿ ಇರುವ ಅಮಾನತ್ತು. ಮಳೆಯ ಹನಿ ಬೀಳದ ಕಡೆ, ಮಕ್ಕಳ ಕೈಗೆ ಸಿಗದ ಕಡೆ ಎತ್ತಿಡಿ. ಪಕ್ಕದ ಮನೆಯವರು "ಸ್ವಲ್ಪ ಸುತ್ತಿಗೆ ಕೊಡಿ" ಎಂದು ಬಂದರೆ, ಅದು ನಮ್ಮದಲ್ಲ ಎಂದು ಹೇಳಿ. ತೆಂಗಿನಕಾಯಿ ಕೆರೆಯಲೋ ಡಬ್ಬಿ ತೆರೆಯಲೋ ಉಳಿಯನ್ನು ಮಾತ್ರ ಹೊರಗೆ ತೆಗೆಯಲೇಬೇಡಿ. ಮರುದಿನ ಬೆಳಿಗ್ಗೆ ಅವನು ಅಂಚಿನ ಮೇಲೆ ಹೆಬ್ಬೆರಳು ಸವರಿದ ತಕ್ಷಣ ತಿಳಿಯುತ್ತದೆ. ಏನೂ ಮಾತಾಡದೆ ಸಾಣೆಕಲ್ಲಿಗೆ ನೀರು ಚಿಮುಕಿಸಿ ಅರ್ಧ ಗಂಟೆ ಉಜ್ಜುತ್ತಾ ಕೂರುತ್ತಾನೆ.